ಚಾವಿ ಯಾರ ಹತ್ತಿರ ಇದೆ?

ಗೋವೆಯ ಪೋಂಡಾ ಕಡೆಯ ಒಂದು ಕುಳಾಗರ, ಅಂದರೆ ಮಿಶ್ರ ತೋಟ, ಅಂದುಕೊಳ್ಳಿ. ಅಡಿಕೆ, ತೆಂಗು, ನಡುವೆ ಬಾಳೆ, ಮರಕ್ಕೆ ಹಬ್ಬಿದ ಮೆಣಸು. ಪಂಪ್‌ಶೆಡ್ಡಿಗೆ ಒತ್ತಿಕೊಂಡಂತೆ 10 ಅಡಿಗೆ 12 ಅಡಿಯ ಒಂದು ಖೋಲಿ. ಬಾಗಲಕೋಟೆ ಕಡೆಯಿಂದ ಬಂದ ಗಂಡ, ಹೆಂಡತಿ, ಎರಡು ಮಕ್ಕಳು ಹತ್ತು ವರ್ಷದಿಂದ ಅಲ್ಲಿದ್ದಾರೆ. ಬಾಡಿಗೆ ಇಲ್ಲ. ಅವನು ನೀರು ಬಿಡುತ್ತಾನೆ, ಅವಳು ಅಂಗಳ ಗುಡಿಸಿ ಅಡಿಕೆ ಹೆಕ್ಕುತ್ತಾಳೆ. ತೋಟದ ಯಜಮಾನರು ತೀರಿಕೊಳ್ಳುತ್ತಾರೆ, ಮಕ್ಕಳು ಜಾಗ ಮಾರುತ್ತಾರೆ, ಹೊಸ ಮಾಲಕ ಬಂದು ‘ಭಾನುವಾರದೊಳಗೆ ಖೋಲಿ ಖಾಲಿ ಮಾಡಿ’ ಅನ್ನುತ್ತಾನೆ. ಭಾನುವಾರದವರೆಗೆ ಆ ಸಂಸಾರವನ್ನು ಯಾರೂ ಮನೆಯಿಲ್ಲದವರು ಅನ್ನುವುದಿಲ್ಲ. ಸೋಮವಾರ ಅವರು ಎರಡು ಊರಾಚೆ ಇರುವ ಮೈದುನನ ಖೋಲಿಗೆ ಹೋಗಿ ಸೇರುತ್ತಾರೆ. ಅಲ್ಲಿ ಆಗಲೇ ಐದು ಜನ, ಈಗ ಒಂಬತ್ತು. ಆಗಲೂ ಯಾರೂ ಹಾಗೆ ಅನ್ನುವುದಿಲ್ಲ, ತಲೆಯ ಮೇಲೆ ಸೂರಿದೆಯಲ್ಲ!

ಇವತ್ತು ಮಾತಾಡಬೇಕಾದದ್ದು ಈ ಒಂಬತ್ತು ಜನರ ಬಗ್ಗೆ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರು ಕಣ್ಣಿಗೆ ಬೀಳುತ್ತಾರೆ, ಇವರು ಬೀಳುವುದಿಲ್ಲ.

ಸರಕಾರದ ಲೆಕ್ಕಕ್ಕೂ ಬೀಳುವುದಿಲ್ಲ. ಜನಗಣತಿಯಲ್ಲಿ ‘ಮನೆಯಿಲ್ಲದ ಕುಟುಂಬ’ ಎಂದರೆ ರಸ್ತೆಬದಿ, ಫುಟ್‌ಪಾತು, ದೊಡ್ಡ ಸಿಮೆಂಟ್ ಪೈಪು, ಮೇಲ್ಸೇತುವೆ ಅಡಿ, ಮೆಟ್ಟಿಲಡಿ, ದೇವಸ್ಥಾನದ ಬಯಲು, ರೈಲ್ವೆ ಪ್ಲಾಟ್‌ಫಾರಂ, ಇಂಥ ಕಡೆ ಇರುವವರು. 2011ರಲ್ಲಿ ಫೆಬ್ರವರಿ 28ರ ರಾತ್ರಿ ಇವರನ್ನು ಎಣಿಸಿದರು. ದೇಶಕ್ಕೆಲ್ಲ 17.7 ಲಕ್ಷ ಜನ, ಅದರಲ್ಲಿ ಹಳ್ಳಿಗಳಲ್ಲಿ 8.3 ಲಕ್ಷ. ಪಂಪ್‌ಶೆಡ್ಡಿನ ಖೋಲಿಯವರೂ ಮೈದುನನ ಖೋಲಿಯವರೂ ಈ ಅಂಕಿಯಲ್ಲಿ ಇಲ್ಲ. ಅವರು ‘ಕಟ್ಟಡ’ದೊಳಗೆ ಇದ್ದಾರೆ, ಅಲ್ಲಿಗೆ ಮುಗಿಯಿತು.

ನಗರಕ್ಕಾದರೆ ಒಂದು ವ್ಯವಸ್ಥೆ ಬಂತು. ನಗರ ಜೀವನೋಪಾಯ ಯೋಜನೆಯ ಅಡಿ, ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವಷ್ಟು ನಿರಾಶ್ರಿತರ ಕೇಂದ್ರ ಇರಬೇಕು, ತಲೆಗೆ 50 ಚದರಡಿ ಕೊಡಬೇಕು ಎಂದು ಅಳತೆ ಕೂಡ ಬರೆದರು. ಹಳ್ಳಿಗೆ ಅಂಥ ತಂಗುಮನೆ ಕಟ್ಟುವ ಯೋಜನೆ ಬರಲಿಲ್ಲ. ಹಳ್ಳಿಯವರಿಗೆ ಇರುವುದು ಮನೆ ಕಟ್ಟಿಕೊಡುವ ಯೋಜನೆ. ಅದು ವರ್ಷಗಳ ಮಾತು, ಭಾನುವಾರ ರಾತ್ರಿಯ ಮಾತಲ್ಲ. ಈ ಎರಡರ ನಡುವಿನ ಸಂದನ್ನು ತುಂಬಬೇಕಾದವರು ಊರಿನವರು, ಗೋವೆಯ ಕನ್ನಡ ಸಂಘದವರು, ಅಂದರೆ ಇಲ್ಲಿ ಕೂತಿರುವ ನಾವು.

ಹಾಗಾದರೆ ಗುರುತಿಸುವುದು ಹೇಗೆ? ‘ನಿಮಗೆ ಮನೆ ಇದೆಯಾ?’ ಎಂದು ಕೇಳಬೇಡಿ. ಎಲ್ಲರೂ ‘ಐತ್ರಿ’ ಅಂತಾರೆ. ಮರ್ಯಾದೆಯ ಪ್ರಶ್ನೆ ಅದು. ಬದಲಿಗೆ ಮೂರು ಮಾತು ಕೇಳಿ. ಬಾಗಿಲ ಚಾವಿ ಯಾರ ಹತ್ತಿರ ಇದೆ? ಟ್ರಂಕು ಎಲ್ಲಿಟ್ಟಿದ್ದೀರಿ? ಖಾಲಿ ಮಾಡು ಅಂದರೆ ಎಷ್ಟು ದಿನ ಕೊಡುತ್ತಾರೆ? ಚಾವಿ ಮೇಸ್ತ್ರಿಯ ಹತ್ತಿರ, ಟ್ರಂಕು ಅಕ್ಕನ ಮನೆಯಲ್ಲಿ, ದಿನ ‘ಗೊತ್ತಿಲ್ರಿ’ ಎಂದು ಉತ್ತರ ಬಂದರೆ ಆ ಸಂಸಾರಕ್ಕೆ ಮನೆ ಇಲ್ಲ ಎಂದೇ ತಿಳಿಯಿರಿ. ನಮ್ಮಲ್ಲೊಂದು ಗಾದೆ ಇದೆಯಲ್ಲ, ಹಂಗಿನರಮನೆಗಿಂತ ವಿಂಗಡದ ಗುಡಿಸಲೇ ಲೇಸು ಅಂತ. ಅದರಲ್ಲಿ ಹಂಗು ಎನ್ನುವ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ. ‘ವಿಂಗಡ’, ಅಂದರೆ ಬೇರೆ ಇರುವುದು, ಎನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಸರಕಾರಿ ಫಾರಂ ತುಂಬುವಾಗ ಅದೇ ಉಪಯೋಗಕ್ಕೆ ಬರುತ್ತದೆ.

ಗೋವೆಯ ಹಳ್ಳಿಗಳಲ್ಲಿ ಇಂಥವರು ಎಲ್ಲೆಲ್ಲಿ ಇದ್ದಾರೆ ಎಂದರೆ, ಕೆಲಸ ಎಲ್ಲಿದೆಯೋ ಅಲ್ಲಿ. ಕುಳಾಗರ, ಗೋಡಂಬಿ ತೋಟ, ಚಿರೆಕಲ್ಲಿನ ಖಾಣಿ, ಬಂಗಲೆ ಕಟ್ಟುವ ಸೈಟು, ಬೀಗ ಹಾಕಿದ ಹಳೇ ಮನೆಗಳ ಔಟ್‌ಹೌಸು, ಮೀನಿನ ಜೆಟ್ಟಿ. ಜೆಟ್ಟಿಯಲ್ಲಿ ಟ್ರಾಲರೇ ಮನೆ. 2024ರಲ್ಲಿ ಸಾಲ್ಸೆಟ್ಟಿನ ಕುಟ್ಬಣ ಜೆಟ್ಟಿಯಲ್ಲಿ ಕಾಲರಾ ಬಂದಾಗ, ಕೆಲಸಗಾರರು ದೋಣಿಯಲ್ಲೇ ಉಂಡು ಮಲಗುತ್ತಾರೆ, ಅವರಿಗೆ ಸಾಕಷ್ಟು ಶೌಚಾಲಯ ಇಲ್ಲ ಎನ್ನುವುದು ಎಲ್ಲರ ಬಾಯಿಗೆ ಬಂತು. ಅಲ್ಲಿಯವರೆಗೆ ಅವರು ಎಲ್ಲಿ ಮಲಗುತ್ತಾರೆ ಎಂದು ಕೇಳಿದವರು ಕಡಿಮೆ.

ಇವರೆಲ್ಲರಿಗೂ ಒಂದೇ ಕ್ಯಾಲೆಂಡರು. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಖಾಣಿಯಲ್ಲಿ ನೀರು ನಿಂತು ಕಲ್ಲು ಕೊಯ್ಯುವುದು ನಿಲ್ಲುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಸೈಟಿನಲ್ಲಿ ಹೊರಗಿನ ಕೆಲಸ ನಿಲ್ಲುತ್ತದೆ. ಊರಲ್ಲಿ ಹೊಲ ಇದ್ದವರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಹೊಲವೂ ಇಲ್ಲ, ಅಣ್ಣನ ಮನೆಯಲ್ಲಿ ಜಾಗವೂ ಇಲ್ಲ ಎನ್ನುವವರು ಇಲ್ಲೇ ಉಳಿಯುತ್ತಾರೆ. ವರ್ಷದಲ್ಲಿ ಸೂರು ಅತಿ ಬೇಕಾದ ವಾರದಲ್ಲೇ ಅವರ ಸೂರು ಹೋಗುತ್ತದೆ.

ಈಗ ಸ್ವಲ್ಪ ಕಾನೂನು. ‘ಇಷ್ಟು ವರ್ಷ ಇದ್ದರಲ್ಲ, ಮುಂಡ್ಕಾರ ಹಕ್ಕು ಬರುವುದಿಲ್ಲವೇ?’ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಗೋವೆಯ 1975ರ ಮುಂಡ್ಕಾರರ ಸಂರಕ್ಷಣಾ ಕಾಯ್ದೆ ನಿಜಕ್ಕೂ ಗಟ್ಟಿ ಕಾಯ್ದೆ. ಭಾಟಕಾರನ, ಅಂದರೆ ಜಾಗದ ಒಡೆಯನ, ಒಪ್ಪಿಗೆಯಿಂದ ಅವನ ಜಾಗದಲ್ಲಿ ನೆಲೆಯಾಗಿ ಇರುವವನೇ ಮುಂಡ್ಕಾರ. ಅವನನ್ನು ಎಬ್ಬಿಸುವಂತಿಲ್ಲ, ಮನೆಯನ್ನು ಕೊಳ್ಳುವ ಹಕ್ಕೂ ಇದೆ. ಆದರೆ ಮುಂಡ್ಕಾರ ಯಾರು ಎಂದು ಹೇಳುವ ಕಲಮಿನಲ್ಲೇ ಯಾರು ಅಲ್ಲ ಎಂಬ ಪಟ್ಟಿಯೂ ಇದೆ. ಬಾಡಿಗೆ ಕೊಡುವವನು ಅಲ್ಲ. ಸಂಬಳ ಪಡೆದು ಯಜಮಾನನ ಔಟ್‌ಹೌಸಿನಲ್ಲೋ ಕಂಪೌಂಡಿನಲ್ಲೋ ಇರುವ ಮನೆಗೆಲಸದವನು, ಚೌಕೀದಾರ ಅಲ್ಲ. ಕಾರ್ಖಾನೆ, ಗಣಿ, ವರ್ಕ್‌ಶಾಪಿನ ಕೆಲಸಕ್ಕಾಗಿ ಮಾಲಕರ ಜಾಗದಲ್ಲಿ ಇರುವವನು ಅಲ್ಲ. ಬೇರೆಯವರ ಮನೆ ನೋಡಿಕೊಳ್ಳಲು ಅಲ್ಲಿರುವವನೂ ಅಲ್ಲ. ನಮ್ಮವರಲ್ಲಿ ಬಹುಪಾಲು ಜನ ಈ ನಾಲ್ಕರಲ್ಲಿ ಒಂದಕ್ಕೆ ಬೀಳುತ್ತಾರೆ. ಕಾಯ್ದೆ ಬಂದ ಕಾಲದಿಂದಲೂ ಇರುವ ಹಳೆಯ ಕುಟುಂಬವಾದರೆ ಮಾಮ್ಲೇದಾರರ, ಅಂದರೆ ತಹಶೀಲ್ದಾರರ, ಕಚೇರಿಯಲ್ಲಿ ಖಂಡಿತ ವಿಚಾರಿಸಿ. ಉಳಿದವರಿಗೆ ಸುಳ್ಳು ಆಸೆ ಹುಟ್ಟಿಸಿ ವಕೀಲರ ಫೀಸು ಕೊಡಿಸಬೇಡಿ.

ಕಟ್ಟಡ ಕೆಲಸಗಾರರದ್ದು ಇನ್ನೂ ವಿಚಿತ್ರ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಸೈಟಿನಲ್ಲಿ ಅಥವಾ ಹತ್ತಿರದಲ್ಲಿ ಬಾಡಿಗೆ ಇಲ್ಲದೆ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಬೇರೆಬೇರೆ ಜಾಗ ಇರಬೇಕು ಎಂದಿತು. ಆ ಕಾಯ್ದೆ ಈಗ 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಹೋಗಿದೆ. ‘ಖೋಲಿ ಬಾಡಿಗೆ’ ಎಂದು ಪಗಾರದಲ್ಲಿ ಮುರಿದುಕೊಳ್ಳುವ ಠೇಕೇದಾರರು ನಿಮಗೆ ಗೊತ್ತಿದ್ದರೆ ಈ ಮಾತು ಅವರ ಕಿವಿಗೆ ಹಾಕಿ. ಆದರೆ ಅದೇ ಕಲಮು ಕೆಲಸ ಮುಗಿದ ಮೇಲೆ ಆ ತಾತ್ಕಾಲಿಕ ಮನೆಗಳನ್ನು ಕೆಡವಿ ಜಾಗ ಮೊದಲಿನಂತೆ ಮಾಡಬೇಕು ಎಂದೂ ಹೇಳಿತು. ಗಾರೆ ಒಣಗಿದ ದಿನವೇ ಗಾರೆಯವನ ಮನೆ ಬೀಳುವುದು ಕಾನೂನುಬದ್ಧ.

ಆದ್ದರಿಂದ ನಮ್ಮ ಕೈಲಿ ಇರುವುದು ದಿನಗಳನ್ನು ಗಳಿಸಿಕೊಡುವ ಕೆಲಸ. ‘ಭಾನುವಾರದೊಳಗೆ’ ಎನ್ನುವುದನ್ನು ‘ತಿಂಗಳೊಳಗೆ’ ಎಂದು ಮಾಡಿಸಿದರೆ ಅರ್ಧ ಗೆದ್ದಂತೆ. ಮಾಲಕರ ಹತ್ತಿರ ಹೋಗುವಾಗ ಹತ್ತು ಜನ ಹೋಗಬೇಡಿ, ಮೋರ್ಚಾ ಬಂತು ಅಂದುಕೊಳ್ಳುತ್ತಾರೆ. ಊರಿನ ಪಂಚ್ (ಪಂಚಾಯತಿ ಸದಸ್ಯರು) ಒಬ್ಬರು, ಸಂಘದ ಹಿರಿಯರೊಬ್ಬರು, ಇಬ್ಬರೇ ಸಾಕು. ಹಕ್ಕಿನ ಮಾತು ಎತ್ತದೆ ತಾರೀಖಿನ ಮಾತಾಡಿ. ಶಾಲೆಯ ಪರೀಕ್ಷೆ ಮುಗಿಯಲಿ, ಬಾಕಿ ಪಗಾರ ಇಂಥ ದಿನ ಕೊಡಿ, ಇಂಥ ದಿನ ಚಾವಿ ಕೊಡುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿ. ಬಹಳ ಮಾಲಕರಿಗೆ ಇರುವ ಹೆದರಿಕೆ ‘ಇವರು ಎದ್ದೇ ಹೋಗದಿದ್ದರೆ?’ ಎನ್ನುವುದು. ತಾರೀಖು ಬರೆದ ಹಾಳೆ ಆ ಹೆದರಿಕೆ ತೆಗೆಯುತ್ತದೆ.

ಆ ತಿಂಗಳಲ್ಲಿ ಏನು ಮಾಡಬೇಕು? ಮೊದಲು ಬಾಡಿಗೆ ಖೋಲಿ. ತಿಂಗಳಿಗೆ ₹4,000 ಎಂದು ಇಟ್ಟುಕೊಳ್ಳೋಣ. ಎರಡು ತಿಂಗಳ ಡಿಪಾಸಿಟ್ಟು 8,000, ಮೊದಲ ಬಾಡಿಗೆ 4,000, ಒಟ್ಟು 12,000 ಒಂದೇ ಸಲ ಬೇಕು. ದುಡಿಯುವ ಸಂಸಾರ ತಿಂಗಳ ಬಾಡಿಗೆ ಕೊಡಬಲ್ಲದು, ಈ ಹನ್ನೆರಡು ಸಾವಿರ ಕೊಡಲಾರದು. ಅವರು ಮೈದುನನ ಖೋಲಿಯಲ್ಲಿ ಸಿಕ್ಕಿಕೊಳ್ಳುವುದು ಇಲ್ಲೇ. ಸಂಘ ₹60,000ದ ಒಂದು ನಿಧಿ ಇಟ್ಟರೆ ಒಂದು ಸಲಕ್ಕೆ ಐದು ಸಂಸಾರಕ್ಕೆ ಆಗುತ್ತದೆ. ದುಡ್ಡನ್ನು ಸಂಸಾರದ ಕೈಗೆ ಕೊಡಬೇಡಿ. ಅವರು ಕೆಟ್ಟವರೆಂದಲ್ಲ, ಮೇಸ್ತ್ರಿಯ ಹತ್ತಿರ ತೆಗೆದ ಉಚಲಿ (ಮುಂಗಡ) ಸಾಲ ಮೊದಲು ಬಾಯಿ ತೆರೆದು ಕೂತಿರುತ್ತದೆ. ನೇರ ಮಾಲಕರಿಗೆ ಕೊಟ್ಟು, ಡಿಪಾಸಿಟ್ಟು ವಾಪಸು ಬರುವಾಗ ಸಂಘಕ್ಕೆ ಬರಬೇಕು ಎಂದು ರಸೀತಿಯಲ್ಲಿ ಬರೆಸಿ. ಸಂಸಾರ ತಿಂಗಳಿಗೆ 1,000ದಂತೆ ಎಂಟು ತಿಂಗಳಲ್ಲಿ ಡಿಪಾಸಿಟ್ಟು ತೀರಿಸಿದರೆ ಆ ರಸೀತಿಯ ಹಕ್ಕು ಅವರದಾಗಲಿ. ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಮಾಹಿತಿ ಫಾರಂ ಮಾಲಕರು ತುಂಬಿದರೇ ಇಲ್ಲವೇ ಎಂದೂ ನೋಡಿ. ಆ ಒಂದು ಫಾರಂ ಇಲ್ಲದ ಕಾರಣಕ್ಕೆ ತಿಂಗಳೊಳಗೆ ಎದ್ದುಹೋಗಬೇಕಾಗಿ ಬರಬಹುದು.

ಖೋಲಿ ಸಿಗುವವರೆಗೆ ಇನ್ನೊಬ್ಬರ ಮನೆ. ಇದು ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಮೂರನೇ ವಾರಕ್ಕೆ ಮುರಿಯುತ್ತದೆ. ಮುರಿಯುವುದು ಪ್ರೀತಿ ಕಡಿಮೆಯಾಗಿ ಅಲ್ಲ, ನೀರು, ಸಂಡಾಸು, ಕರೆಂಟು ಬಿಲ್ಲು ಮತ್ತು ಒಲೆಯ ಸರದಿಯಿಂದ. ಅತಿಥಿಗಳು ಬಂದ ಮೊದಲ ದಿನವೇ ಎಷ್ಟು ದಿನ ಎಂದು ಹೇಳಿಬಿಡಲಿ, 30 ಎಂದರೆ 30. ಹೆಚ್ಚುವರಿ ಕರೆಂಟು ಮತ್ತು ನೀರಿನ ಬಿಲ್ಲು ಸಂಘ ಕಟ್ಟಲಿ, ದೊಡ್ಡ ಮೊತ್ತವೇನಲ್ಲ. ಒಲೆ ಮಾತ್ರ ಬೇರೆ ಇರಲಿ. ಐದು ಕೆಜಿಯ ಸಣ್ಣ ಸಿಲಿಂಡರು ಬರೀ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ಪುರಾವೆ ಕೇಳುವುದಿಲ್ಲ. ಇನ್ನು ಇಟ್ಟುಕೊಂಡವರೂ ಬಾಡಿಗೆಯವರೇ ಆಗಿದ್ದರೆ ಅವರ ಮಾಲಕರಿಗೆ ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ಒಂದು ರಾತ್ರಿ ಎರಡೂ ಸಂಸಾರ ರಸ್ತೆಗೆ ಬರುತ್ತವೆ.

ಟ್ರಂಕಿನ ಮಾತಿಗೆ ಬರೋಣ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಜಾಗ ಬಿಟ್ಟು ಜಾಗಕ್ಕೆ ಹೋಗುವಾಗ ಮೊದಲು ಕಳೆಯುವುದು ಸಾಮಾನು, ಸಾಮಾನಿನ ಜೊತೆ ಕಾಗದ. ಸಂಘದ ಕಚೇರಿಯಲ್ಲಿ ಒಂದು ಗೋಡೆಗೆ ಕಬ್ಬಿಣದ ರ್‍ಯಾಕು, ನೆಲದಿಂದ ಕನಿಷ್ಠ ಒಂದಡಿ ಎತ್ತರ, ಇಲ್ಲದಿದ್ದರೆ ಜುಲೈನಲ್ಲಿ ಟ್ರಂಕಿನ ತಳ ತುಕ್ಕು ಹಿಡಿಯುತ್ತದೆ. ಟ್ರಂಕಿಗೆ ಅವರದೇ ಬೀಗ, ಅವರ ಹತ್ತಿರವೇ ಚಾವಿ. ನಂಬರಿನ ಚೀಟಿ, ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು, 60 ದಿನದ ಅವಧಿ. ನಗದು, ಬಂಗಾರ ಇಡುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ, ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಊರಿಗೆ ಕಳಿಸಲಿ. ಇಂಥ ವ್ಯವಸ್ಥೆ ಎಲ್ಲಿ ಕೆಡುತ್ತದೆ ಗೊತ್ತೇ? ಕಚೇರಿ ಭಾನುವಾರ ಸಂಜೆ ಮಾತ್ರ ತೆರೆದಿರುತ್ತದೆ, ಅವನಿಗೆ ಟ್ರಂಕು ಬೇಕಾಗುವುದು ಸೋಮವಾರ ಬೆಳಗ್ಗೆ ಆರಕ್ಕೆ. ಪಕ್ಕದ ಕಿರಾಣಿ ಅಂಗಡಿಯವರ ಹತ್ತಿರ ಕಚೇರಿಯ ಒಂದು ಚಾವಿ ಇರಲಿ.

ಹಿಂದಿನ ಸಾಲಿನಿಂದ ಕಂಬಳಿ ಹಂಚುವ ಪ್ರಶ್ನೆ ಬಂತು. ಫೋಟೊಗೆ ಕಂಬಳಿ ಚೆನ್ನಾಗಿ ಕಾಣುತ್ತದೆ, ನಿಜ. ಗೋವೆಯ ಹಳ್ಳಿಗೆ ಬೇಕಾದದ್ದು ತಾಡಪತ್ರಿ. ಖಾಣಿಯ ಗುಡಿಸಲು ನೋಡಿದ್ದೀರಲ್ಲ. ಒಡೆದ ಚಿರೆಕಲ್ಲನ್ನು ಗಾರೆಯಿಲ್ಲದೆ ಎದೆಮಟ್ಟ ಪೇರಿಸಿ ಮೇಲೆ ಹಾಳೆ ಎಳೆದಿರುತ್ತಾರೆ. ಒಂದೊಂದು ಕಲ್ಲು 30 ಕೆಜಿ ಹತ್ತಿರ ತೂಗುತ್ತದೆ. ಮೊದಲ ದೊಡ್ಡ ಮಳೆಗೆ ಅಡಿಯ ಮಣ್ಣು ಮೆತ್ತಗಾಗಿ ಗೋಡೆ ವಾಲುತ್ತದೆ, ರಾತ್ರಿ ಬೀಳುತ್ತದೆ, ಮಲಗಿದವರ ಮೇಲೆ ಬೀಳುತ್ತದೆ. ಗಾರೆಯಿಲ್ಲದ ಗೋಡೆ ಮೂರು ಸಾಲಿಗಿಂತ ಮೇಲೆ ಹೋಗಬಾರದು, ಅಂದರೆ ಎರಡಡಿ. ಅದಕ್ಕೂ ಮೇಲೆ ಮರೆ ಬೇಕೆಂದರೆ ತೆಂಗಿನ ಮಡಲು ಕಟ್ಟಲಿ.

ಹಾಳೆ 12 ಅಡಿಗೆ 18 ಅಡಿಯದ್ದಾದರೆ ನಾಲ್ಕು ಜನರ ಸಂಸಾರಕ್ಕೆ ಸಾಕು. ನಡುವಿನ ಹಗ್ಗ ಏಳಡಿ ಎತ್ತರಕ್ಕೆ, ಎರಡೂ ಅಂಚು ನಾಲ್ಕಡಿಗೆ. ಹೆಚ್ಚಿನವರು ಮಾಡುವ ತಪ್ಪೆಂದರೆ ಒಳಗೆ ಜಾಗ ಜಾಸ್ತಿ ಸಿಗಲಿ ಎಂದು ಹಾಳೆಯನ್ನು ಚಪ್ಪಟೆ ಎಳೆಯುವುದು. ನಡುವೆ ನೀರು ನಿಂತು ಹೊಟ್ಟೆ ಬಂದು, ಆ ಭಾರಕ್ಕೆ ಹಗ್ಗವೂ ಕಂಬವೂ ಒಟ್ಟಿಗೆ ಕೆಳಗೆ ಬರುತ್ತವೆ. ಇನ್ನೊಂದು ತಪ್ಪು, ಅಂಚಿನ ಕಣ್ಣಿಗೇ ಹಗ್ಗ ಕಟ್ಟುವುದು. ಗಾಳಿಗೆ ಮೊದಲು ಹರಿಯುವುದೇ ಆ ಕಣ್ಣು. ನಿಂಬೆಹಣ್ಣಿನ ಗಾತ್ರದ ನುಣ್ಣನೆಯ ಕಲ್ಲನ್ನು ಹಾಳೆಯ ಒಳಮೈಗೆ ಇಟ್ಟು, ಹೊರಗಿನಿಂದ ಹಾಳೆಯನ್ನು ಅದರ ಸುತ್ತ ಗಂಟಿನಂತೆ ಹಿಡಿದು, ಆ ಗಂಟಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಎಳೆದಷ್ಟೂ ಬಿಗಿಯಾಗುತ್ತದೆ, ಹರಿಯುವುದಿಲ್ಲ. ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿ ಇಳಿಜಾರಿಗೆ ಬಿಡಬೇಕು, ಇಲ್ಲವಾದರೆ ನೀರು ಮೇಲಿಂದ ಬರುವುದಿಲ್ಲ, ಹಾಸಿಗೆಯ ಅಡಿಯಿಂದ ಬರುತ್ತದೆ. ಇದು ಮನೆಯಲ್ಲ, ಹತ್ತು ಹದಿನೈದು ದಿನದ ಮಾತು. ಆದರೂ ಸರಿಯಾಗಿ ಕಟ್ಟಬೇಕು.

ಕಾಗದದ ವಿಷಯ. ಪಡಿತರಕ್ಕೆ ಇಲ್ಲಿನ ವಿಳಾಸ ಬೇಕಿಲ್ಲ. ಊರಿನ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯಲ್ಲಿ ಗೋವೆಯ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳಬಹುದು. ಇಲ್ಲಿರುವವರು ಇಲ್ಲಿ ಸ್ವಲ್ಪ, ಊರಲ್ಲಿರುವ ಅವ್ವ ಅಲ್ಲಿ ಸ್ವಲ್ಪ ಎತ್ತಬಹುದು. ಬರುವುದು ಕೇಂದ್ರದ ಪಾಲು ಮಾತ್ರ, ಬಿಪಿಎಲ್ ಆದರೆ ತಲೆಗೆ 5 ಕೆಜಿ. ಕರ್ನಾಟಕ ಸರಕಾರ ಮೇಲೆ ಕೊಡುವುದು ಇಲ್ಲಿ ಸಿಗುವುದಿಲ್ಲ. ಅದಕ್ಕೆ ಅಂಗಡಿಯವನ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ಶಾಲೆಗೆ ಟಿಸಿ ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ ಎಂದು ಮಗುವನ್ನು ಹೊರಗಿಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಎರಡನ್ನೂ ಬಿಡಿಸಿ ಹೇಳಿದೆ. ಮತದಾರರ ಪಟ್ಟಿಗೆ ಮನೆ ನಂಬರು ಇಲ್ಲದವರೂ ಸೇರಬಹುದು. ಫಾರಂ 6ರಲ್ಲಿ ಮಲಗುವ ಜಾಗ ಬರೆದರೆ ಬೂತ್ ಅಧಿಕಾರಿ ರಾತ್ರಿ ಬಂದು ನೋಡಬೇಕು ಎಂದು ಚುನಾವಣಾ ಆಯೋಗದ ಸೂಚನೆಯೇ ಇದೆ.

ಆದರೆ ಅವಸರದಲ್ಲಿ ಆಧಾರ್ ವಿಳಾಸ ಇಲ್ಲಿಗೆ ಬದಲಿಸಬೇಡಿ. ಅನೇಕ ಸಂಘಗಳು ಉಪಕಾರವೆಂದು ಮೊದಲು ಮಾಡುವ ಕೆಲಸ ಇದೇ, ಅಪಾಯದ ಕೆಲಸವೂ ಇದೇ. ಗೋವೆಯ ಸರಕಾರಿ ಸವಲತ್ತುಗಳಿಗೆ ಸಾಮಾನ್ಯವಾಗಿ 15 ವರ್ಷ ವಾಸದ ಪ್ರಮಾಣಪತ್ರ ಬೇಕು. ಆಧಾರ್ ಒಂದು ಬದಲಾದ ಮಾತ್ರಕ್ಕೆ ಅದು ಬರುವುದಿಲ್ಲ. ಅತ್ತ ಊರಿನ ಗ್ರಾಮ ಪಂಚಾಯಿತಿಯಲ್ಲಿ ‘ಇವರು ಗೋವೆಯವರು’ ಎಂದು ವಸತಿ ಪಟ್ಟಿಯಿಂದ ಕೈಬಿಡಲು ಒಂದು ನೆಪ ಸಿಕ್ಕಂತಾಗುತ್ತದೆ. ಮನೆ ಕಟ್ಟುವುದು ಎಲ್ಲಿ ಎಂದು ಸಂಸಾರ ಮೊದಲು ಕೂತು ತೀರ್ಮಾನಿಸಲಿ, ಕಾಗದ ಆಮೇಲೆ ಆ ಕಡೆ ತಿರುಗಲಿ.

ಊರಲ್ಲೇ ಎಂದಾದರೆ, ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಗೆ ಸಹಾಯಧನ ₹1.20 ಲಕ್ಷ, ಮನೆ ಕನಿಷ್ಠ 25 ಚದರ ಮೀಟರು, ಶೌಚಾಲಯಕ್ಕೆ ಬೇರೆ 12,000. ಸೂರೇ ಇಲ್ಲದವರು, ಭಿಕ್ಷೆಯಿಂದ ಬದುಕುವವರು, ಜೀತದಿಂದ ಬಿಡುಗಡೆಯಾದವರು ನೇರವಾಗಿ ಸೇರುತ್ತಾರೆ. ಹೆಸರು ಬಿಟ್ಟುಹೋಗುವುದು ಹೇಗೆಂದರೆ, ಸಮೀಕ್ಷೆಯವರು ಬಂದಾಗ ಅಣ್ಣನ ಆರ್‌ಸಿಸಿ ಮನೆ ಕಾಣುತ್ತದೆ, ತಮ್ಮ ಗೋವೆಯಲ್ಲಿ, ರೇಷನ್ ಕಾರ್ಡು ಒಂದೇ. ‘ಪಕ್ಕಾ ಮನೆ ಇದೆ’ ಎಂದು ಬರೆದು ಹೋಗುತ್ತಾರೆ. ಇಲ್ಲಿ ಬರುತ್ತದೆ ನೋಡಿ ಆಗ ಹೇಳಿದ ‘ವಿಂಗಡ’. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕುಟುಂಬ ಎಂದರೆ ಒಟ್ಟಿಗೆ ಇದ್ದು ಒಂದೇ ಒಲೆಯಲ್ಲಿ ಉಣ್ಣುವವರು. ಒಲೆ ಬೇರೆಯಾದರೆ ಕುಟುಂಬ ಬೇರೆ, ಗೋಡೆ ಒಂದೇ ಇದ್ದರೂ. ಹಾಗಾಗಿ ತಮ್ಮನ ಸಂಸಾರಕ್ಕೆ ಪ್ರತ್ಯೇಕ ಪಡಿತರ ಚೀಟಿ ಮಾಡಿಸುವುದು ಮೊದಲ ಹೆಜ್ಜೆ. 2024ರಲ್ಲಿ ಶುರುವಾದ ಆವಾಸ್ ಪ್ಲಸ್ ಸಮೀಕ್ಷೆ, ಅಂದರೆ ಈ ಯೋಜನೆಗೆ ಹೆಸರು ಸೇರಿಸುವ ಸಮೀಕ್ಷೆ, ಮೊಬೈಲ್ ಆ್ಯಪಿನಲ್ಲಿ, ಮುಖ ತೋರಿಸಿ ಗುರುತು ಖಾತ್ರಿ ಮಾಡುವಂಥದ್ದಾಗಿತ್ತು. ಗ್ರಾಮಸಭೆಯ ತಾರೀಖು ಊರಿನವರಿಂದ ಮೊದಲೇ ತಿಳಿದುಕೊಂಡು ಒಬ್ಬರು ಹೋಗಿಬರಲಿ, ಬಸ್ ಚಾರ್ಜು ಸಂಘ ಕೊಡಲಿ. ಸಂಘದ ಖರ್ಚುಗಳಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಮಂಜೂರಾದ ಮೇಲೂ ಕಂತು ಬಿಡುವುದು ಅಡಿಪಾಯ, ಲಿಂಟಲ್, ಛಾವಣಿ ಎಂದು ಹಂತಹಂತದ ಫೋಟೊ ನೋಡಿ. ಎಲ್ಲರೂ ಇಲ್ಲೇ ಇದ್ದರೆ ಮನೆ ಪಾಯದಲ್ಲೇ ನಿಲ್ಲುತ್ತದೆ.

ತಾಂಡಾಗಳಿಂದ ಬಂದವರಿಗೆ ಇನ್ನೊಂದು ಮಾತು. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳನ್ನು ಕರ್ನಾಟಕ ಕಂದಾಯ ಗ್ರಾಮ ಮಾಡುತ್ತಾ ಬಂದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ನಿಮ್ಮ ತಾಂಡಾದ ಪಟ್ಟಿಯಲ್ಲಿ ನಿಮ್ಮ ಮನೆ ಯಾರ ಹೆಸರಿಗೆ ಹತ್ತಿದೆ ಎಂದು ಗ್ರಾಮ ಆಡಳಿತಾಧಿಕಾರಿ ಹತ್ತಿರ ಕೇಳಿ. ಬೀಗ ಹಾಕಿದ ಮನೆ ಪಕ್ಕದವರ ಹೆಸರಿಗೆ ಹತ್ತಿಬಿಟ್ಟರೆ ಬಿಡಿಸುವುದು ಕಷ್ಟ.

ಹೆಂಗಸರ ಬಗ್ಗೆ ಎರಡೇ ಮಾತು, ಇದಕ್ಕೆ ಬೇರೆ ದಿನವೇ ಬೇಕು. ಗಂಡ ಹೊರಹಾಕಿದ, ಅಥವಾ ಗಂಡ ಸತ್ತ ಮೇಲೆ ಕೊಟ್ಟಿಗೆಗೆ ತಳ್ಳಿದರು ಎನ್ನುವವರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಮು ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ, ಮನೆ ಯಾರ ಹೆಸರಲ್ಲೇ ಇರಲಿ. 181ಕ್ಕೆ ಫೋನು ಮಾಡಿದರೆ ಸರಕಾರದ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಇರಬಹುದು. ಹಾಗಾಗಿ ಆರನೆಯ ರಾತ್ರಿಯ ಏರ್ಪಾಡು ಮೊದಲ ದಿನವೇ ಶುರುವಾಗಬೇಕು. ವಯಸ್ಸಾದವರಿಗೆ 14567, ವಕೀಲರ ನೆರವಿಗೆ 15100. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಆ ನೆರವು ಉಚಿತ.

ಮಳೆಗೆ ಮೊದಲು ಮಾಡುವ ಕೆಲಸ ಹೇಳಿ ನಿಲ್ಲಿಸುತ್ತೇನೆ. ಮೇ ಮೊದಲ ಭಾನುವಾರ ನಿಮ್ಮ ಪಂಚಾಯತಿಯ ಖಾಣಿ, ಸೈಟು, ತೋಟ ಸುತ್ತಿ ಬನ್ನಿ, ಇಬ್ಬಿಬ್ಬರಂತೆ, ಅದರಲ್ಲಿ ಒಬ್ಬರು ಹೆಂಗಸಿರಲಿ. ಸಂಜೆ ಆರರ ಮೇಲೆ ಹೋಗಿ, ಒಲೆ ಹಚ್ಚಿರುತ್ತಾರೆ, ಹಗಲು ಯಾರೂ ಸಿಗುವುದಿಲ್ಲ. ಆ ಮೂರು ಮಾತು ಕೇಳಿ, ಜೊತೆಗೆ ‘ಮಳೆ ಹಿಡಿದ ಮೇಲೆ ಎಲ್ಲಿರುತ್ತೀರಿ?’ ಎಂದು ಕೇಳಿ. ‘ಊರಿಗೆ’ ಎಂದವರನ್ನು ಬಿಡಿ. ‘ನೋಡೂಣ್ರಿ’ ಎಂದವರ ಹೆಸರು, ಫೋನು, ತಲೆಗಳ ಲೆಕ್ಕ ಬರೆದುಕೊಳ್ಳಿ. ಆ ಪಟ್ಟಿ ಸಂಘದ ಇಬ್ಬರ ಹತ್ತಿರ ಮಾತ್ರ ಇರಲಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಖೋಲಿ ಹುಡುಕಲು ನಾಲ್ಕು ವಾರ ಸಿಗುತ್ತದೆ.